ಗೋಣು ಹಾಕಿದ ಬೇಸಿಗೆ

ನನ್ನ ತಮ್ಮನ ಮನೆ ವಡೋದರಾದ ಅಲ್ಕಾಪುರಿಯಲ್ಲಿದೆ. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಮಧ್ಯಾಹ್ನದ ಊಟ ಮುಗಿಸಿ, ಏಸಿ ಹಾಕಿದ ಕೋಣೆಯಲ್ಲಿ ಅಡ್ಡಾಗಿದ್ದೆ. ಹೊರಗೆ ಉರಿ ಬಿಸಿಲು, ಒಳಗೆ ಕಿಟಕಿ ಬಾಗಿಲು ಎಲ್ಲ ಬಂದ್. ನೆಲಕ್ಕೆ ಹಾಸಿದ ಕಾರ್ಪೆಟ್ಟು ತಣ್ಣಗಾದಾಗ ಒಂದು ಥರದ ಮುಗ್ಗಲು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿಯಿತು. ಈ ವಾಸನೆ ನನಗೆ ಗೊತ್ತು, ಎಲ್ಲಿಯದಿದು, ಎಂದು ಹುಡುಕುತ್ತಿದ್ದಾಗಲೇ ತಮ್ಮನ ಮಗಳು ಮೈತ್ರಿ ಫೋನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಅಲ್ಲೇ ಹುಟ್ಟಿ ಬೆಳೆದ ಹುಡುಗಿ, ಎಂಜಿನಿಯರಿಂಗ್ ಓದುತ್ತಾಳೆ. ಕನ್ನಡ ಅವಳ ಬಾಯಲ್ಲಿ ಎಡವುತ್ತ ಎಡವುತ್ತ ಬರುತ್ತದೆ.

"ಅತ್ಯಾ, ಈ ನ್ಯೂಸ್ ಕೇಳು. ಕ್ಲಾಸ್‌ದಾಗ ಕ್ಯಾಮೆರಾ ಇಡ್ತಾರ. ಅದು ಸ್ಟೂಡೆಂಟ್ಸ್ ಫೇಸ್ ನೋಡ್ತದ. ಯಾರಿಗೆ ಸಮಝ್ ಆತು, ಯಾರಿಗೆ ಇಲ್ಲ, ಅದೇ ಹೇಳ್ತದ. ಟೀಚರ್ ಕೇಳೋದೇ ಬೇಡ. ಮಸ್ತ್ ಹೈ ನಾ?"

ನಾನು ಎದ್ದು ಕುಳಿತೆ. "ಮುಖಾ ನೋಡಿ? ಮುಖಾ ನೋಡಿದ್ರ ತಿಳೀತದಂತೇನು ಅದಕ್ಕ?"

"ಹೂಂ. ತಲಿ ಹಿಂಗ ಹಿಂಗ ಮಾಡಿದ್ರ ಅಂಡರ್‌ಸ್ಟುಡ್," ಎಂದು ಮೈತ್ರಿ ಗೋಣು ಆಡಿಸಿ ತೋರಿಸಿದಳು.

ಆ ವಾಸನೆ ಎಲ್ಲಿಯದೆಂದು ಆಗಲೇ ಹೊಳೆದದ್ದು. "ಯಾವ ಪುಣ್ಯಾತ್ಮ ಹುಟ್ಟಿಸಿದನವ್ವಾ ಇದನ್ನ? ಮೊದಲ ಅವನ್ನ ನನ್ನ ಮುಂದ ತಂದು ನಿಲ್ಲಸು!" ಎಂದು ಕೂಗಿದೆ. ಮೈತ್ರಿಗೆ ನಗು. ಅತ್ತೆಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ಅವಳನ್ನು ಕೂರಿಸಿಕೊಂಡು ಆ ಬೇಸಿಗೆಯ ಕಥೆ ಹೇಳಿದೆ.

ತೊಂಬತ್ತರ ದಶಕದ ನಡುಗಾಲ. ಗದಗಿನ ಕನ್ನಡ ಶಾಲೆಯಲ್ಲಿ ಹತ್ತನೆಯ ಪರೀಕ್ಷೆ ಬರೆದು ಮುಗಿಸಿದ್ದೆ. ಅಷ್ಟರಲ್ಲಿ ಅಪ್ಪನಿಗೆ ಅಹಮದಾಬಾದಿಗೆ ವರ್ಗವಾಗಿ, ರಿಸಲ್ಟು ಬರುವುದಕ್ಕೂ ಕಾಯದೆ ಗಂಟುಮೂಟೆ ಕಟ್ಟಿದೆವು. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಟೀವಿ ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞ. ಅಹಮದಾಬಾದಿನ ಬೇಸಿಗೆಯೋ, ಅಬ್ಬಬ್ಬಾ! ಮಧ್ಯಾಹ್ನವಾದರೆ ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. "ಹಂಡೇಕ್ಕ ಉರಿ ಹಾಕೋದು ಉಳೀತು ಬಿಡು," ಎಂದು ಅವ್ವ ಆ ನೀರಿನಲ್ಲೇ ಸ್ನಾನ ಮುಗಿಸಿ ಬರುತ್ತಿದ್ದಳು. ನನಗೆ ಗೆಳತಿಯರಿಲ್ಲ, ಭಾಷೆಯಿಲ್ಲ. ಗುಜರಾತಿ ಒಂದಕ್ಷರ ಬಾರದು, ಹಿಂದಿ ಶಾಲೆಯ ಪುಸ್ತಕದಲ್ಲಿದ್ದಷ್ಟು.

ಒಂದು ದಿನ ಅಪ್ಪ ಪೇಪರು ಹಿಡಿದು ಕುಣಿದಾಡುತ್ತ ಬಂದರು. ಅವರ ಕಚೇರಿಯ ಸುದ್ದಿಯೇ ಅಚ್ಚಾಗಿತ್ತು. ಗಣಿತದಲ್ಲಿ ನಪಾಸಾಗಿ ಮತ್ತೆ ಹತ್ತನೆಯ ಪರೀಕ್ಷೆಗೆ ಕೂರುವ ಹಳ್ಳಿ ಮಕ್ಕಳಿಗೆ ಉಪಗ್ರಹದ ಮೂಲಕ ಪಾಠ. ಅಹಮದಾಬಾದಿನ ಸ್ಟುಡಿಯೋದಲ್ಲಿ ಒಬ್ಬ ಶಿಕ್ಷಕಿ ಬೋರ್ಡಿನ ಮೇಲೆ ಬರೆದರೆ ಊರೂರಿನ ಶಾಲೆಯ ಟೀವಿಯಲ್ಲಿ ಅದೇ ಗಳಿಗೆಗೆ ಕಾಣುತ್ತದೆ. ಸಂಶಯ ಬಂದರೆ ಮಕ್ಕಳು ಅಲ್ಲಿಂದ ಫೋನು ಮಾಡಬಹುದು. "ಇನ್ನ ಮಾಸ್ತರು ಮುಗಿಲಿಂದನ ಬರ್ತಾರ! ನಪಾಸು ಅನ್ನೋ ಮಾತ ಇರೂದಿಲ್ಲ!" ಎಂದರು ಅಪ್ಪ.

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಅಲ್ರೀ, ಮಾಸ್ತರು ಮುಗಿಲಿಂದ ಬಂದ್ರ ಛಡಿ ಯಾವ ದಿಕ್ಕಿಂದ ಬರ್ತದರಿ?"

ನಾನು ಮಾತ್ರ ಆ ಸುದ್ದಿಗೆ ಮರುಳಾಗಿ ಹೋದೆ. ಗದಗಿನ ನಮ್ಮ ಶಾಲೆಯಲ್ಲಿ ಮಳೆ ಬಂದರೆ ಎರಡು ತರಗತಿಗಳನ್ನು ಒಂದೇ ಕೋಣೆಗೆ ತುಂಬುತ್ತಿದ್ದರು. ಇಲ್ಲಿ ನೋಡಿದರೆ ಮೋಡದ ಮೇಲಿನಿಂದ ಪಾಠ! ಇನ್ನು ಮೇಲೆ ಯಾವ ಹುಡುಗಿಯೂ ತಿಳಿಯಲಿಲ್ಲ ಎಂದು ಶಾಲೆ ಬಿಡುವುದಿಲ್ಲ ಎಂದು ಖರೇನೇ ನಂಬಿದ್ದೆ.

ಆದರೆ ಶಿಕ್ಷಕಿ ಇಂದುಬೇನ್ ಮೊದಲ ದಿನವೇ ತಕರಾರು ತೆಗೆದರಂತೆ. ತಲೆ ನರೆತ, ಗಟ್ಟಿ ದನಿಯ ಹೆಂಗಸು, ಇಡೀ ಜನ್ಮ ಗಣಿತ ಕಲಿಸಿದವರು. ಕ್ಯಾಮೆರಾದ ಗಾಜಿಗೆ ಪಾಠ ಹೇಳಲು ತನ್ನಿಂದಾಗದು, ಎದುರಿಗೆ ಮುಖಗಳು ಬೇಕು, ಮುಖ ನೋಡಿದರೇ ತನಗೆ ಮುಂದಕ್ಕೆ ಹೋಗಬೇಕೋ ನಿಲ್ಲಬೇಕೋ ತಿಳಿಯುವುದು, ಎಂದು ಪಟ್ಟು ಹಿಡಿದರು. ಅವರು ಹೇಳಿದ್ದು ನ್ಯಾಯವೇ. ಕಾರ್ಯಕ್ರಮ ನಡೆಸುತ್ತಿದ್ದ ತ್ರಿವೇದಿ ಸಾಹೇಬರು ಸುಲಭದ ದಾರಿ ಹುಡುಕಿದರು. ಸಿಬ್ಬಂದಿಯ ಮಕ್ಕಳಿಗೆ ಹೇಗೂ ಸೂಟಿ, ಒಂದಷ್ಟು ಜನರನ್ನು ಕರೆತಂದು ಮುಂದೆ ಕೂರಿಸಿಬಿಡಿ.

"ನನಗ ಗುಜರಾತಿ ಬರೂದಿಲ್ಲಲ್ಲಪ್ಪಾ," ಎಂದೆ.

"ಕೇಳ್ತ ಕೇಳ್ತ ತಾನ ಬರ್ತದ. ಏಸಿಯೊಳಗ ತಣ್ಣಗ ಕೂಡು, ಗೋಣ ಹಾಕು, ಬಾ. ನಿನ್ನ ಗಂಟೇನು ಹೋಗ್ತದ?" ಎಂದರು ಅಪ್ಪ.

ಹಾಗೆ ನಾನು ಸ್ಟುಡಿಯೋ ಸೇರಿದೆ. ಒಳಗೆ ಕಾಲಿಟ್ಟರೆ ಚಳಿ, ತಣ್ಣಗಾದ ಕಾರ್ಪೆಟ್ಟಿನ ಅದೇ ಮುಗ್ಗಲು ವಾಸನೆ! ಯಂತ್ರಗಳಿಗೆ ಸೆಕೆಯಾಗಬಾರದೆಂದು ಏಸಿಯನ್ನು ಹಾಗೆ ಬಿಟ್ಟಿದ್ದರು. ಎರಡನೆಯ ದಿನದಿಂದ ಅವ್ವ ತಾನು ಹೆಣೆದ ಹಳದಿ ಸ್ವೆಟರನ್ನು ಕೈಗಿಟ್ಟು ಕಳಿಸಿದಳು. ಆ ಉರಿಯಲ್ಲಿ ಸ್ವೆಟರು ಹಿಡಿದು ಬಸ್ಸು ಹತ್ತುವ ಹುಡುಗಿಯನ್ನು ನೋಡಿ ಕಂಡಕ್ಟರು ದಿನಾ ನಗುತ್ತಿದ್ದ. ತ್ರಿವೇದಿ ಸಾಹೇಬರು ನಮಗೆ ಹಿಂದಿಯಲ್ಲಿ ಹೇಳಿಕೊಟ್ಟದ್ದು ಇಷ್ಟೆ: ಆಕಳಿಸಬೇಡಿ, ಮೂಗು ತುರಿಸಬೇಡಿ, ಕ್ಯಾಮೆರಾದ ಕೆಂಪು ದೀಪ ನಿಮ್ಮ ಕಡೆ ಹತ್ತಿದಾಗ ಮುಖ ಅರಳಿಸಿ ತಲೆಯಾಡಿಸಿ.

ನನ್ನ ಪಕ್ಕದ ಕುರ್ಚಿಯಲ್ಲಿ ಹೇತಲ್ ಎಂಬ ಹುಡುಗಿ. ಅಹಮದಾಬಾದಿನವಳೇ, ಪಟಪಟ ಮಾತು. ನನ್ನ ಮುರುಕು ಹಿಂದಿಗೂ ಅವಳ ಓಡುವ ಹಿಂದಿಗೂ ಹೇಗೋ ಸ್ನೇಹವಾಯಿತು. ಅವಳು ತಲೆಯಾಡಿಸಿದರೆ ನಾನೂ ಆಡಿಸುವುದು. ಇಂದುಬೇನ್ ಪ್ರತಿ ಲೆಕ್ಕದ ಕೊನೆಗೆ ದನಿ ಮೇಲೇರಿಸಿ "ಸಮಜಾಯುಂ?" ಎನ್ನುತ್ತಿದ್ದರು. ತಿಳಿಯಿತಾ ಎಂದು. ನಾನು ಕಲಿತ ಏಕೈಕ ಗುಜರಾತಿ ಮಾತು ಅದು. ದನಿ ಮೇಲೇರಿತೋ, ನನ್ನ ಗೋಣು ಕೋಲೆಬಸವನ ಹಾಗೆ ಕೆಳಗೆ ಮೇಲೆ. ಬೋರ್ಡಿನ ಮೇಲಿನ ಅಂಕಿಗಳನ್ನೂ ಅವರು ಗುಜರಾತಿಯಲ್ಲೇ ಬರೆಯುತ್ತಿದ್ದರು. ಎಷ್ಟೋ ಅಂಕಿಗಳ ಗುರುತೇ ನನಗೆ ಹತ್ತುತ್ತಿರಲಿಲ್ಲ.

ಆಮೇಲೆ ನಡೆದದ್ದು ಕೇಳಿ. ಇಂದುಬೇನ್‌ಗೆ ನನ್ನ ಮುಖ ಹಿಡಿಸಿಬಿಟ್ಟಿತು! ಹೇತಲ್ ಒಮ್ಮೊಮ್ಮೆ ಹಿಂದೆ ಮುಂದೆ ನೋಡುತ್ತಿದ್ದಳು, ಉಳಿದವರು ತೂಕಡಿಸುತ್ತಿದ್ದರು. ನಾನೊಬ್ಬಳೇ ಕಣ್ಣರಳಿಸಿ, ತಪ್ಪದೆ, ಪ್ರತಿ ಸಲ. ಅವರು ನನ್ನ ಕಡೆ ನೋಡುವುದು, ನಾನು ಗೋಣು ಹಾಕುವುದು, ಅವರು ಬೋರ್ಡು ಒರೆಸಿ ಮುಂದಿನ ಲೆಕ್ಕಕ್ಕೆ ಹೋಗುವುದು. ಕ್ಯಾಮೆರಾದವರೂ ಕೆಂಪು ದೀಪವನ್ನು ನನ್ನ ಮೇಲೆಯೇ ಹೆಚ್ಚು ಹತ್ತಿಸತೊಡಗಿದರು. "ಸೌತ್‌ನವರಲ್ಲವೇ, ಗಣಿತ ರಕ್ತದಲ್ಲೇ ಇರುತ್ತೆ," ಎಂದು ತ್ರಿವೇದಿ ಸಾಹೇಬರು ಅಪ್ಪನ ಬೆನ್ನು ತಟ್ಟಿದರಂತೆ. ಅಪ್ಪ ಉಬ್ಬಿ ಹೋದರು. ನಿಮ್ಮ ಹುಡುಗಿಗೆ ಗುಜರಾತಿ ಬರುತ್ತದೆಯೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ರಮೀಲಾ ಬಂದದ್ದು ಫೋನಿನಲ್ಲಿ. ಪೂರ್ವದ ಗುಡ್ಡಗಾಡಿನ ಒಂದು ಊರಿನ ಹುಡುಗಿ. ಅವಳಿಗೆ ನಾವು ಕಾಣುತ್ತೇವೆ, ನಮಗೆ ಅವಳು ಕಾಣುವುದಿಲ್ಲ. ಬರೀ ದನಿ, ಅದೂ ಬಾವಿಯೊಳಗಿಂದ ಬಂದಂತೆ ತಡವಾಗಿ. ಮೊದಲ ದಿನ ಅವಳು ಕೇಳಿದ್ದು ಗಣಿತವನ್ನಲ್ಲ. "ಬೇನ್, ಅಲ್ಲಿ ಚಳಿಯೇ? ಆ ಹುಡುಗಿ ಸ್ವೆಟರು ಹಾಕಿದ್ದಾಳಲ್ಲ?" ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ಹೇತಲ್ ಕಿವಿಯಲ್ಲಿ ಹಿಂದಿಗಿಳಿಸಿದ ಮೇಲೆ ನಾನೂ ನಕ್ಕೆ.

ಆಮೇಲೆ ರಮೀಲಾ ಗಣಿತಕ್ಕೆ ಬಂದಳು. ಅವಳ ಮಾತನ್ನೆಲ್ಲ ಹೇತಲ್ ನನಗೆ ಹಿಂದಿಯಲ್ಲಿ ಪಿಸುಗುಟ್ಟುತ್ತಿದ್ದಳು. ಸಮೀಕರಣದಲ್ಲಿ ಸಮಚಿಹ್ನೆಯ ಈ ಕಡೆ ಕೂಡಿಸುವುದಾಗಿದ್ದದ್ದು ಆ ಕಡೆಗೆ ಹೋದ ಕೂಡಲೇ ಕಳೆಯುವುದು ಯಾಕಾಗುತ್ತದೆ? ಅದೇ ನಿಯಮ, ಎಂದರು ಇಂದುಬೇನ್. ಆಯ್ತು ಬೇನ್, ಆದರೆ ಯಾಕೆ? ಎಂದಳು ಅವಳು. ಮರುದಿನ ಮತ್ತೆ ಫೋನು, ಮತ್ತೆ ಅದೇ ಪ್ರಶ್ನೆ. ಅದರ ಮರುದಿನವೂ. ಒಂದು ಸಲ ಗಡಿಬಿಡಿಯಲ್ಲಿ ಮನೆಯ ಸಂಗತಿಯನ್ನೂ ಹೇಳಿಬಿಟ್ಟಳು. ಈ ಸಲ ಪಾಸಾಗದಿದ್ದರೆ ಅಪ್ಪ ಸೂರತ್‌ನಲ್ಲಿರುವ ಕಾಕಾನ ಮನೆಗೆ ಕಳಿಸುತ್ತಾನೆ, ಅಲ್ಲಿ ಸೀರೆಗಳಿಗೆ ಮಿಂಚಿನ ಬಿಲ್ಲೆ ಅಂಟಿಸುವ ಕೆಲಸ, ಶಾಲೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಬೇನ್, ನನಗೆ ಇದು ತಿಳಿಯಲೇಬೇಕು.

ಇಂದುಬೇನ್ ಅವತ್ತು ಇನ್ನೊಂದು ಲೆಕ್ಕ ಮಾಡಿ ತೋರಿಸಿದರು. ತೋರಿಸಿ, ವಾಡಿಕೆಯಂತೆ ನನ್ನ ಕಡೆ ತಿರುಗಿದರು. "ಸಮಜಾಯುಂ?" ನಾನು ಗೋಣು ಹಾಕಿದೆ. ಅವರು ಬೋರ್ಡು ಒರೆಸಿದರು.

ಕೆಲವು ದಿನ ಕಳೆದ ಮೇಲೆ ರಮೀಲಾಳ ಫೋನು ನಿಂತಿತು. ತಿಳಿದಿರಬೇಕು ಪಾಪ, ಎಂದುಕೊಂಡೆವು ಹೇತಲ್ ಮತ್ತು ನಾನು. ಒಳ್ಳೆಯದಾಯಿತು ಎಂದು ಸಮಾಧಾನವೂ ಆಯಿತು.

ಮಂಗಳವಾರವೆಂದು ನೆನಪು. ಪಾಠದ ನಡುವೆ ರಮೀಲಾಳ ಊರಿನಿಂದ ಫೋನು ಬಂತು, ಆದರೆ ಗಂಡಸಿನ ದನಿ. ಅಲ್ಲಿ ಟೀವಿ ಹಚ್ಚುವ ಶಾಲೆಯ ಮಾಸ್ತರರು. ಏನೋ ಹೇಳಿದರು. ಯಂತ್ರಗಳ ಕೋಣೆಯ ಗಾಜಿನ ಆಚೆ ತ್ರಿವೇದಿ ಸಾಹೇಬರು ನಕ್ಕು ನನ್ನ ಕಡೆ ಬೊಟ್ಟು ತೋರಿಸಿದ್ದು ಕಂಡಿತು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನನ್ನು ಹೊಗಳುತ್ತಿದ್ದಾರೆ ಎಂದು ಹೇಗೋ ಗೊತ್ತಾಗಿ ನಾಚಿಕೊಂಡೆ. ಇಂದುಬೇನ್ ಒಬ್ಬರೇ ನಗಲಿಲ್ಲ. ಸುಣ್ಣದ ಕಡ್ಡಿ ಕೈಯಲ್ಲಿ ಹಿಡಿದೇ ನನ್ನ ಕುರ್ಚಿಯ ಹತ್ತಿರ ಬಂದು, ತಲೆ ಸವರಿ, ಮೆಲ್ಲಗೆ ಏನನ್ನೋ ಕೇಳಿದರು. ಉದ್ದ ಪ್ರಶ್ನೆ. ಕೊನೆಗೆ ದನಿ ಮೇಲೇರಿತು.

ದನಿ ಮೇಲೇರಿದರೆ ನನ್ನ ಕೆಲಸ. ಮುಖ ಅರಳಿಸಿ ಗೋಣು ಹಾಕಿದೆ.

ಅವರು ಇನ್ನೊಮ್ಮೆ ಕೇಳಿದರು. ಇನ್ನೂ ಜೋರಾಗಿ ಹಾಕಿದೆ. ಕೆಂಪು ದೀಪ ನನ್ನ ಮೇಲೇ ಇತ್ತು. ಇಂದುಬೇನ್‌ರ ಮುಖದ ಬಣ್ಣ ಹೋಯಿತು.

ಹೇತಲ್ ನನ್ನ ಸ್ವೆಟರಿನ ತೋಳು ಜಗ್ಗಿ, ಹಿಂದಿಯಲ್ಲಿ ಪಿಸುಗುಟ್ಟಿದಳು. ರಮೀಲಾ ಪಾಠಕ್ಕೆ ಬರುವುದನ್ನು ಬಿಟ್ಟಿದ್ದಾಳೆ. "ಹಳದಿ ಸ್ವೆಟರಿನವಳೂ ನನ್ನ ವಯಸ್ಸಿನವಳೇ, ಅವಳಿಗೆ ಒಂದೇ ಸಲಕ್ಕೆ ತಿಳಿಯುತ್ತದೆ, ನನಗೆ ಎಷ್ಟು ಕೇಳಿದರೂ ತಿಳಿಯದು, ನನ್ನ ತಲೆಯಲ್ಲಿ ಮಣ್ಣಿದೆ," ಎಂದು ತಾನೇ ಅಪ್ಪನಿಗೆ ಹೇಳಿ ಸೂರತ್‌ಗೆ ಒಪ್ಪಿಕೊಂಡಿದ್ದಾಳೆ. ನಿಮ್ಮ ಆ ಹುಡುಗಿಯ ಜಾಣತನ ಕಂಡು ಊರೇ ಬೆರಗಾಗಿದೆ, ಎಂದರಂತೆ ಮಾಸ್ತರರು. ಇಂದುಬೇನ್ ನನ್ನನ್ನು ಕೇಳಿದ್ದು ಇದು: ರಮೀಲಾಳಿಗೆ ನೀನೇ ಒಂದು ಮಾತು ಹೇಳಬೇಕು ಮಗಾ, ನಿನಗೆ ಅದು ಹೇಗೆ ತಿಳಿಯಿತು?

ನಾನು ಗೋಣು ಹಾಕಿದ್ದು ಅದಕ್ಕೆ.

ಒಬ್ಬ ಹುಡುಗಿಯ ಶಾಲೆ ಹೋಗುತ್ತಿತ್ತು, ಅದೂ ನನ್ನ ಈ ಗೋಣಿನಿಂದ! ಯಾವಾಗ ಎದ್ದು ನಿಂತೆನೋ ತಿಳಿಯದು. ಹಿಂದಿ ಬಾಯಿಗೆ ಬರಲಿಲ್ಲ, ಮತ್ತೇನೂ ಬರಲಿಲ್ಲ, ಗದಗೇ ಬಂತು. "ಅಯ್ಯ, ನನಗ ಏನೂ ತಿಳದಿಲ್ರೀ! ಒಂದಕ್ಷರ ತಿಳದಿಲ್ರೀ! ಗೋಣ ಹಾಕು ಅಂದ್ರು, ಹಾಕೀನ್ರೀ!"

ನನ್ನ ಕನ್ನಡ ಮುಗಿಲಿಗೇರಿ, ಅಲ್ಲಿಂದ ಗುಜರಾತಿನ ಊರೂರಿಗೆ ಇಳಿಯಿತು. ಯಾರಿಗೇನು ತಿಳಿಯಿತೋ ದೇವರೇ ಬಲ್ಲ. ಹೇತಲ್ ಎದ್ದು, ಇವಳಿಗೆ ಗುಜರಾತಿ ಬರುವುದೇ ಇಲ್ಲ ಬೇನ್, ಎಂದಳು. ಎಂದವಳು ಅಳುತ್ತ ಇನ್ನೊಂದು ಬಾಂಬು ಹಾಕಿದಳು. ಅವಳಿಗೂ ಎರಡನೆಯ ವಾರದಿಂದ ಏನೂ ತಿಳಿದಿರಲಿಲ್ಲ! ನಾನು ಅಷ್ಟು ಖಾತ್ರಿಯಿಂದ ಗೋಣು ಹಾಕುವುದನ್ನು ನೋಡಿ, ತನಗೊಬ್ಬಳಿಗೇ ತಿಳಿಯುತ್ತಿಲ್ಲವೆಂದು ಹೆದರಿ ಅವಳೂ ಹಾಕುತ್ತಿದ್ದಳು. ಶಿವಶಿವಾ! ನಾನು ಅವಳನ್ನು ನೋಡಿ, ಅವಳು ನನ್ನನ್ನು ನೋಡಿ, ಇಂದುಬೇನ್ ನಮ್ಮಿಬ್ಬರನ್ನು ನೋಡಿ, ಅಷ್ಟೂ ಊರಿನ ಮಕ್ಕಳು ನಮ್ಮೆಲ್ಲರನ್ನೂ ನೋಡಿ.

ತ್ರಿವೇದಿ ಸಾಹೇಬರು ತಡೆಗಾಗಿ ವಿಷಾದಿಸುತ್ತೇವೆ ಎಂಬ ಫಲಕವನ್ನು ಟೀವಿಗೆ ಬಿಟ್ಟು ಒಳಗೆ ಓಡಿಬಂದರು. ಗಾಜಿನ ಆಚೆ ಅಪ್ಪ ಕಿವಿಯ ಹೆಡ್‌ಫೋನು ಕಳಚಿ ಕಲ್ಲಾಗಿ ನಿಂತಿದ್ದರು. ಅಲ್ಲಿದ್ದವರಲ್ಲಿ ನನ್ನ ಕನ್ನಡ ತಿಳಿದವರು ಅವರೊಬ್ಬರೇ.

"ಆ ಫಲಕ ತೆಗೀರಿ," ಎಂದರು ಇಂದುಬೇನ್. ತ್ರಿವೇದಿ ಸಾಹೇಬರು ಏನೋ ಹೇಳಹೋದರು. ಆಕೆ ಬೋರ್ಡಿಗೆ ಕೈಯಿಂದ ಪಟ್ಟೆಂದು ಹೊಡೆದರು. ಫಲಕ ಹೋಯಿತು. ಇಂದುಬೇನ್ ಮೊದಲ ಸಲ ನಮ್ಮನ್ನು ಬಿಟ್ಟು ಸೀದಾ ಕ್ಯಾಮೆರಾದ ಗಾಜನ್ನು ನೋಡಿದರು. "ಈ ಮಗುವಿಗೆ ತಿಳಿದಿಲ್ಲ. ತಿಳಿದಿದೆ ಎಂದು ನಾನು ಓಡಿದೆ. ನಿಮ್ಮಲ್ಲಿ ಯಾರಿಗೆ ತಿಳಿದಿಲ್ಲ, ಫೋನು ಮಾಡಿ," ಎಂದರು.

ಫೋನು ಬಡಿದುಕೊಂಡ ಬಗೆ ಏನು ಹೇಳಲಿ! ಇಟ್ಟ ಕೂಡಲೇ ಮತ್ತೆ, ಇಟ್ಟ ಕೂಡಲೇ ಮತ್ತೆ. ಅಲ್ಲಿಯತನಕ ಒಮ್ಮೆಯೂ ಬಾಯಿ ಬಿಡದ ಊರುಗಳು. ನಮಗೂ ತಿಳಿದಿಲ್ಲ ಬೇನ್. ನಮಗೂ. ಮೊದಲ ದಿನದಿಂದಲೇ ಇಲ್ಲ ಬೇನ್. ಆ ಹುಡುಗಿ ತಲೆಯಾಡಿಸುತ್ತಿದ್ದಳಲ್ಲ, ಅದಕ್ಕೇ ಕೇಳಲು ನಾಚಿಕೆಯಾಯಿತು. ಇಂದುಬೇನ್ ಕುರ್ಚಿಯಲ್ಲಿ ಕುಳಿತು, ಎರಡೂ ಕೈ ಮಡಿಲಲ್ಲಿಟ್ಟು, ಒಂದೊಂದನ್ನೂ ಕೇಳಿಸಿಕೊಂಡರು.

ಮನೆಗೆ ಬಂದ ಮೇಲೆ ಅವ್ವ ಅಪ್ಪನನ್ನು ಬಿಡಲಿಲ್ಲ. "ಇದ್ದೊಬ್ಬ ಮಗಳನ್ನ ಕೋಲೆಬಸವ ಮಾಡಿ ಊರ ತುಂಬ ತಿರಗಿಸಿದ್ರಲ್ರೀ! ಇದೇನ ನಿಮ್ಮ ಮುಗಿಲ ಮಾಸ್ತರಕಿ?" ಅಪ್ಪ ಉಣ್ಣದೆ ಎದ್ದು ಹೋದರು. ಮರುದಿನ ಅವರೇ ಆ ಊರಿಗೆ ಫೋನು ಹಚ್ಚಿ, ರಮೀಲಾಳನ್ನು ಹೇಗಾದರೂ ಮಾಡಿ ಕರೆಸಿ ಎಂದು ಮಾಸ್ತರರಿಗೆ ಹೇಳಿದರು. ಮಾಸ್ತರರು ಅವಳ ಮನೆಗೆ ಹೋದರು. ಮನೆಯಲ್ಲಿ ತಾಯಿ ಇದ್ದಳು. ರಮೀಲಾ ಆ ಬೆಳಿಗ್ಗೆಯೇ ಸೂರತ್ ಬಸ್ಸು ಹತ್ತಿದ್ದಳು.

ಅವತ್ತಿನ ಪಾಠಕ್ಕೆ ಇಂದುಬೇನ್ ಕ್ಯಾಂಟೀನಿನಿಂದ ಗಾಠಿಯಾ ಎಂಬ ಕರಿದ ತಿಂಡಿ ತೂಗುವ ತಕ್ಕಡಿಯನ್ನು ತರಿಸಿದರು. ನನ್ನನ್ನು ಅದರ ಮುಂದೆ ನಿಲ್ಲಿಸಿ, ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ಶುರುವಿನಿಂದ ಹೇಳತೊಡಗಿದರು. ಎರಡು ತಟ್ಟೆಯಲ್ಲೂ ತೂಕದ ಕಲ್ಲು, ಮುಳ್ಳು ನಟ್ಟನಡುವೆ. ಈ ತಟ್ಟೆಯಿಂದ ಒಂದನ್ನು ತೆಗೆದರೆ? ಆ ಕಡೆಯ ತಟ್ಟೆ ಕೆಳಗೆ ಹೋಯಿತು. ಮತ್ತೆ ಸಮ ಆಗಬೇಕಾದರೆ? ಅಲ್ಲಿಂದಲೂ ಅಷ್ಟೇ ತೆಗೆಯಬೇಕು. ನೋಡು, ಯಾವುದೂ ಆ ಕಡೆಗೆ ಹೋಗುವುದಿಲ್ಲ, ಯಾವುದೂ ಬದಲಾಗುವುದಿಲ್ಲ, ಎರಡೂ ಕಡೆಯಿಂದ ಒಂದೇ ತೂಕ ತೆಗೆಯುತ್ತೇವೆ, ಅಷ್ಟೆ. ತಿಳಿಯದಿದ್ದಾಗ ನಾನು ಅಡ್ಡಡ್ಡ ತಲೆಯಾಡಿಸಿದೆ, ಅವರು ಮತ್ತೆ ಮೊದಲಿನಿಂದ ಹೇಳಿದರು. ಫೋನುಗಳು ಬಂದವು, ಮತ್ತೆ ಹೇಳಿದರು. ಬಹಳ ಹೊತ್ತಿನ ಮೇಲೆ ಅದು ತಲೆಗೆ ಇಳಿದಾಗ ನನಗೆ ಇನ್ನೊಂದು ಆಘಾತ. ಈ ಸಂಗತಿ ನನಗೆ ಕನ್ನಡದಲ್ಲೂ ಗೊತ್ತಿರಲಿಲ್ಲ! ಗದಗಿನಲ್ಲೂ ನಾನು ಗೋಣು ಹಾಕಿಯೇ ಹತ್ತನೆಯದನ್ನು ದಾಟಿದ್ದೆ. ಅಷ್ಟೂ ಜನರಲ್ಲಿ ಅದು ಯಾಕೆ ಎಂದು ಕೇಳಿದವಳು ಆ ರಮೀಲಾ ಒಬ್ಬಳು, ಮತ್ತು ತನ್ನ ತಲೆಯಲ್ಲಿ ಮಣ್ಣಿದೆ ಎಂದುಕೊಂಡವಳೂ ಅವಳೇ.

ಕಥೆ ಇಲ್ಲಿಗೆ ಬಂದಾಗ ಮೈತ್ರಿಯ ಫೋನು ಹಾಸಿಗೆಯ ಮೇಲೆ ಬಿದ್ದಿತ್ತು. "ಅತ್ಯಾ, ಆಕಿ ಎಕ್ಸಾಮ್ ಬರದಳಾ?"

"ಇಲ್ಲವ್ವಾ."

"ಮತ್ತ ಮಾತಾಡ್ಲೇ ಇಲ್ಲಾ ಆಕಿ ಕೂಡ?"

ಒಮ್ಮೆ ಆಡಿದ್ದೆ. ಆಡಿದ್ದೆ ಎನ್ನಬೇಕೋ ಏನೋ. ಪಾಠಗಳ ಕೊನೆಯ ದಿನ, ಮಳೆಯ ಮೊದಲ ಮೋಡ ಬಂದಿತ್ತು, ಸ್ಟುಡಿಯೋದ ಫೋನು ಬಡಿದುಕೊಂಡಿತು. ಸೂರತ್‌ನ ಒಂದು ಎಸ್‌ಟಿಡಿ ಬೂತು. ಹಿಂದೆ ಆಟೋಗಳ ಗದ್ದಲ, ಅದರ ಮಧ್ಯೆ ಅದೇ ಬಾವಿಯೊಳಗಿನ ದನಿ. ಹಳದಿ ಸ್ವೆಟರಿನ ಹುಡುಗಿ ತನ್ನ ಭಾಷೆಯಲ್ಲಿ ಅತ್ತುಬಿಟ್ಟಳೆಂದು ಊರಿನ ಗೆಳತಿ ಅವಳಿಗೆ ಹೇಳಿ ಕಳಿಸಿದ್ದಳಂತೆ. ಪರೀಕ್ಷೆಯ ಮಾತನ್ನು ಅವಳು ಎತ್ತಲಿಲ್ಲ, ಇಂದುಬೇನ್ ಎತ್ತಿದರೂ ಉತ್ತರ ಕೊಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

"ಹವೇ ಏನೇ ಸಮಜಾಯುಂ?"

ಹೇತಲ್ ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಯಾರೂ ಹೇಳಿಕೊಡದೆ ನಾನು ತಿಳಿದುಕೊಂಡ ಮೊದಲ ಗುಜರಾತಿ ಮಾತು ಅದು. ಈಗ ಅವಳಿಗೆ ತಿಳಿಯಿತಾ, ಎಂದು ಕೇಳುತ್ತಿದ್ದಳು ರಮೀಲಾ. ಇಂದುಬೇನ್ ಫೋನನ್ನು ನನ್ನ ಕೈಗೆ ಕೊಟ್ಟರು. ಕಿವಿಗೆ ಹಿಡಿದೆ. ತಿಳಿದಿದೆ ರಮೀಲಾ, ಈ ಸಲ ಖರೇನ ತಿಳಿದಿದೆ, ಎಂದು ಮನಸ್ಸಿನಲ್ಲೇ ಅನ್ನುತ್ತ ನಾನು ಜೋರು ಜೋರಾಗಿ ಗೋಣು ಹಾಕಿದೆ.

ಅವಳ ಎದುರಿಗೆ ಟೀವಿಯಿಲ್ಲ, ಬರೀ ಫೋನಿದೆ ಎಂದು ನನಗೆ ನೆನಪಾಗುವಷ್ಟರಲ್ಲಿ ಲೈನು ಕಟ್ಟಾಗಿತ್ತು.